ಕಡೂರಿನ ಪಾಂಬಬ್ಬೆ: ಅರಮನೆಯಿಂದ ತಪಸ್ಸಿಗೆ

ತರೀಕೆರೆ ಸಮೀಪದ ಅಮೃತಾಪುರವು ಜನ್ನ ಕವಿ ರಚಿಸಿದ ಶಾಸನದಿಂದಾಗಿ ಸಾಹಿತ್ಯ ವಿದ್ಯಾರ್ಥಿಗಳಿಗೆ ಪರಿಚಿತ. ಅಜ್ಜಂಪುರ ಸೀಮೆಯ ಆಸಂದಿಯೂ ಹೊಯ್ಸಳರ ಕಾಲದವರೆಗೆ ಉಳಿದುಬಂದ ಗಂಗ ಸಾಮಂತರ ನೆಲೆಯಾಗಿ ಚರಿತ್ರೆಯಲ್ಲಿ ಹೆಸರಾಗಿದೆ. ಇವೆರಡಕ್ಕಿಂತ ಹಳೆಯದಾದ ಕಡೂರಿನ ಕಂಬಶಾಸನಕ್ಕೆ ಮಾತ್ರ ಅದಕ್ಕೆ ತಕ್ಕ ಗಮನ ಸಂದಿಲ್ಲ. ಕ್ರಿ.ಶ. 971ರ ಈ ಶಾಸನವನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದಲ್ಲಿ, 1901ರಲ್ಲಿ, ಪ್ರಕಟಿಸಿದರು.

ಶಾಸನದ ಒಕ್ಕಣೆ ಚಿಕ್ಕದು. ಗಂಗರಸ ಬೂತುಗನ ಅಕ್ಕ, ಪಡಿಯರ ದೋರಪಯ್ಯನ ಅರಸಿ, ನಾಣಬ್ಬೆ ಕಂತಿಯ ಶಿಷ್ಯೆ ಪಾಂಬಬ್ಬೆಯು ತಲೆಗೂದಲನ್ನು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ, ಐದು ವ್ರತಗಳನ್ನು ನಡೆಸಿ ಮುಡಿಪಿದಳು. ಅರಮನೆಯನ್ನು ಏಕೆ ತೊರೆದಳೆಂಬ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಶಾಸನವೇ ಒಂದು ಸಂಖ್ಯೆಯನ್ನು ಕೊಟ್ಟಿದೆ. 971ರಿಂದ ಮೂವತ್ತನ್ನು ಕಳೆದರೆ 941.

ಆ ಹೊತ್ತಿಗೆ ಗಂಗವಾಡಿಯ ರಾಜಮನೆತನದಲ್ಲಿ ನಡೆದುದೇನು? ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೂರನೆಯ ರಾಚಮಲ್ಲನನ್ನು ಕಿತ್ತುಹಾಕಿ ಬೂತುಗನನ್ನು ನೆಲೆಗೊಳಿಸಿದನೆಂದು 940ರ ದೇವಳಿ ತಾಮ್ರಪಟ ಹೊಗಳುತ್ತದೆ. ಆತಕೂರು ಶಾಸನ ಇನ್ನೂ ನೇರ: ಎರೆಯಪನ ಮಗ ರಾಚಮಲ್ಲನನ್ನು ಬೂತುಗನು ಕಾದಿ ಕೊಂದನು. ಕೊಂದವನು ತಮ್ಮ, ಸತ್ತವನು ಅಣ್ಣ. ಬೂತುಗನ ಅಕ್ಕನಾದ ಪಾಂಬಬ್ಬೆಗೆ ಇಬ್ಬರೂ ಒಡಹುಟ್ಟಿದವರೇ ಆಗಬೇಕು. ಈ ಕೊಲೆಯೇ ಅವಳ ವೈರಾಗ್ಯಕ್ಕೆ ಕಾರಣವೆಂದು ತೀರ್ಮಾನಿಸುವುದು ಅವಸರವಾದೀತು. ಆದರೆ ರಾಜಸ್ತ್ರೀಯರ ದೀಕ್ಷೆಯನ್ನು ವೈಧವ್ಯದ ಅಥವಾ ಮುಪ್ಪಿನ ಆಶ್ರಯವೆಂದು ಬಗೆದು ಮುಂದೆ ಸಾಗುವ ರೂಢಿಗಿಂತ ಈ ಊಹೆಗೆ ಆಧಾರ ಹೆಚ್ಚು. ತಮ್ಮನ ಏಳಿಗೆಯ ಹೊಸ್ತಿಲಲ್ಲೇ, ತಕ್ಕೋಲದ ಗೆಲುವಿಗೆ ಎಂಟು ವರ್ಷ ಮೊದಲೇ, ಅಕ್ಕ ಹೊರನಡೆದಿದ್ದಳೆಂಬುದಂತೂ ಲೆಕ್ಕದಿಂದಲೇ ಸ್ಪಷ್ಟ.

ಪಂಪನು 'ಆದಿಪುರಾಣ'ವನ್ನು ಮುಗಿಸಿದ್ದೂ 941ರ ಸುಮಾರಿಗೆ. ಅಣ್ಣನನ್ನು ಗೆದ್ದ ಬಾಹುಬಲಿ ಆ ಗೆಲುವಿಗೇ ಹೇಸಿ ತಪಸ್ಸಿಗೆ ಹೊರಡುವ ಪ್ರಸಂಗ ಅಲ್ಲಿನದು. ಕವಿ ವೇಮುಲವಾಡದವನು, ಅವಳು ಗಂಗವಾಡಿಯವಳು. ಒಂದರಿಂದ ಇನ್ನೊಂದು ಹುಟ್ಟಿತೆನ್ನಲಾಗದು. ಆದರೆ ಆ ಪ್ರಸಂಗ ಅಂದಿನ ಓದುಗರಿಗೆ ಬರಿಯ ಪುರಾಣವಾಗಿರಲಾರದು.

ಅರಮನೆ ತೊರೆದವರ ಕಥೆ ಬೇರೆ ಧರ್ಮಗಳಲ್ಲೂ ಉಂಟು. ಇಟಲಿಯ ಅಸ್ಸೀಸಿಯ ಸಿರಿವಂತ ಮನೆತನದ ಕ್ಲಾರಾ 1212ರ ಗರಿಗಳ ಭಾನುವಾರದ ರಾತ್ರಿ ಮನೆಬಿಟ್ಟಳು. ಸಂತ ಫ್ರಾನ್ಸಿಸನು ಅವಳ ಕೂದಲನ್ನು ಕತ್ತರಿಸಿದನು. ಮರಳಿ ಕರೆದೊಯ್ಯಲು ಬಂದ ಬಂಧುಗಳಿಗೆ ಅವಳು ಬೋಳಾದ ತಲೆಯನ್ನೇ ತೋರಿಸಿದಳು, ಅವರು ಹಿಂದಿರುಗಿದರು. ಅವಳು ತೀರಿಕೊಂಡ 1253ರಲ್ಲೇ ಜೊತೆಗಿದ್ದ ಸೋದರಿಯರ ಸಾಕ್ಷ್ಯ ದಾಖಲಾಯಿತು, 1255ರಲ್ಲಿ ಸಂತಪದವಿ ದೊರೆಯಿತು. ಆದ್ದರಿಂದ ಕ್ಲಾರಾಳ ಬಾಲ್ಯ ಇಂದಿಗೂ ಓದಸಿಗುತ್ತದೆ. ಪಾಂಬಬ್ಬೆಯ ಪರವಾಗಿ ಸಾಕ್ಷಿ ನುಡಿಯುವುದು ಕಲ್ಲೊಂದೇ.

ಇಬ್ಬರಲ್ಲೂ ಕೂದಲೇ ಹಿಂದಿರುಗದ ಗುರುತು. ಆದರೂ ಕತ್ತರಿಸುವುದು ಬೇರೆ, ಕೀಳುವುದು ಬೇರೆ. ಕೇಶಲೋಚ ದೀಕ್ಷೆಯ ದಿನಕ್ಕೇ ಮುಗಿಯುವುದಲ್ಲ. ಎರಡು, ಮೂರು ಅಥವಾ ಹೆಚ್ಚೆಂದರೆ ನಾಲ್ಕು ತಿಂಗಳಿಗೊಮ್ಮೆ ಅದು ನಡೆಯಬೇಕೆಂಬುದು 'ಮೂಲಾಚಾರ'ದ ವಿಧಿ. ಅತಿ ದೀರ್ಘ ಅವಧಿಯನ್ನೇ ಹಿಡಿದರೂ ಮೂವತ್ತು ವರ್ಷಕ್ಕೆ ತೊಂಬತ್ತು ಸಲ. ಅವಳ ವೈರಾಗ್ಯವನ್ನು ಒಂದು ಗಳಿಗೆಯ ಆವೇಶವೆನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ.

971ರಲ್ಲಿ ಪಟ್ಟದಲ್ಲಿದ್ದವನು ಬೂತುಗನ ಮಗ ಮಾರಸಿಂಹ, ಅವಳ ಸೋದರಳಿಯ. ಅವನೂ 974ರಲ್ಲಿ ಬಂಕಾಪುರದಲ್ಲಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ, ಸಲ್ಲೇಖನದಿಂದ ಮುಡಿಪಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬವು ಅವನ ಯುದ್ಧಗಳನ್ನು ವಿಸ್ತಾರವಾಗಿ ಬಣ್ಣಿಸಿ, ಕೊನೆಗೆ ಮೂರು ದಿನಗಳ ವ್ರತವನ್ನು ಹೇಳುತ್ತದೆ. ಕಡೂರಿನ ಕಂಬದಲ್ಲಿ ಯುದ್ಧವಿಲ್ಲ, ಬಿರುದಿಲ್ಲ. ಮೂವತ್ತು ವರ್ಷದ ತಪಸ್ಸಿನ ಎಣಿಕೆ ಮಾತ್ರವಿದೆ.