ನಿವೇಶನ ಅಥವಾ ಜಮೀನು ಖರೀದಿಸುವ ಮುನ್ನ: ಮೊದಲ ಬಾರಿಯ ಖರೀದಿದಾರರಿಗೆ ಮಾಹಿತಿ

ಉಳಿತಾಯದ ಹಣವನ್ನು ಮೊದಲ ಬಾರಿಗೆ ಸ್ಥಿರಾಸ್ತಿಯಲ್ಲಿ ತೊಡಗಿಸಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕರ್ನಾಟಕದಲ್ಲಿ ನಿವೇಶನ ಅಥವಾ ಜಮೀನು ಖರೀದಿಸುವವರು ಮುಂಗಡ ಹಣ ಕೊಡುವ ಮೊದಲೇ ಇದನ್ನು ಓದಿಕೊಳ್ಳುವುದು ಸೂಕ್ತ. ಮುಂಗಡ ಕೊಟ್ಟ ನಂತರ ದೋಷ ಕಂಡುಬಂದರೆ ಆ ಹಣವನ್ನು ಹಿಂಪಡೆಯುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗಷ್ಟೇ ಗೊತ್ತು.

ನೋಂದಣಿಯಾದ ಮಾತ್ರಕ್ಕೆ ಹಕ್ಕು ಸಿದ್ಧವಾಗುವುದಿಲ್ಲ

"ರಿಜಿಸ್ಟರ್ ಆಗಿದೆ, ಇನ್ನೇನು ಭಯ" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ನೋಂದಣಿ ಕಾಯ್ದೆ, 1908ರ ಅಡಿಯಲ್ಲಿ ಉಪ ನೋಂದಣಾಧಿಕಾರಿಯವರು ದಸ್ತಾವೇಜನ್ನು ಬರೆದುಕೊಟ್ಟವರು ತಾವೇ ಬರೆದುಕೊಟ್ಟಿರುವುದಾಗಿ ಒಪ್ಪಿದ್ದಾರೆಯೇ, ಶುಲ್ಕ ಸರಿಯಾಗಿ ಪಾವತಿಯಾಗಿದೆಯೇ ಮುಂತಾದ ಅಂಶಗಳನ್ನು ನೋಡುತ್ತಾರೆ. ಕೆಲವು ನಿರ್ದಿಷ್ಟ ಪ್ರಕರಣಗಳಲ್ಲಿ ನೋಂದಣಿ ನಿರಾಕರಿಸುವ ಅಧಿಕಾರ ಅವರಿಗೆ ಇದೆಯಾದರೂ, ಮಾರಾಟಗಾರರೇ ಸ್ವತ್ತಿನ ನಿಜವಾದ ಮಾಲೀಕರೆಂದು ಅವರು ಖಾತರಿ ನೀಡುವುದಿಲ್ಲ. ನೋಂದಣಾಧಿಕಾರಿಯು ಮಾಲೀಕತ್ವದ ವಿಚಾರಣೆ ನಡೆಸುವ ಅಧಿಕಾರಿಯಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಪ್ರಕರಣವೊಂದರಲ್ಲಿ 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಮಾರುವವರಿಗೆ ಇಲ್ಲದ ಹಕ್ಕು ಕೊಳ್ಳುವವರಿಗೆ ಬರುವುದಿಲ್ಲ. ಆದ್ದರಿಂದ ಹಕ್ಕಿನ ಪರಿಶೀಲನೆಯ ಹೊಣೆ ಸಂಪೂರ್ಣವಾಗಿ ಖರೀದಿದಾರರದ್ದೇ ಆಗಿರುತ್ತದೆ.

ಖಾತೆಯ ವಿಷಯವೂ ಹೀಗೆಯೇ. ಖಾತೆಯು ಸ್ವತ್ತಿನ ತೆರಿಗೆಗೆ ಸಂಬಂಧಿಸಿದ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ರಾಜ್ಯದಲ್ಲಿ 2024ರ ಅಕ್ಟೋಬರ್‌ನಿಂದ ನಿವೇಶನ ಮತ್ತು ಮನೆಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಆದರೆ ಇ-ಖಾತಾ ಇದೆ ಎಂದು ಉಳಿದ ಪರಿಶೀಲನೆಯನ್ನು ಕೈಬಿಡತಕ್ಕದ್ದಲ್ಲ. ಇನ್ನು ಸಾಮಾನ್ಯ ಅಧಿಕಾರ ಪತ್ರ (ಜಿಪಿಎ) ಮತ್ತು ಕ್ರಯದ ಕರಾರು ಪತ್ರಗಳ ಮೂಲಕ ನಡೆಯುವ "ಮಾರಾಟ"ದಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ತೀರ್ಪು ನೀಡಿದೆ. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಇಂತಹ ವ್ಯವಹಾರಕ್ಕೆ ಒಪ್ಪಬಾರದು.

ಋಣಭಾರ ಪ್ರಮಾಣಪತ್ರ

ಆಯಾ ಅವಧಿಯಲ್ಲಿ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳಿದ್ದಲ್ಲಿ ನಮೂನೆ 15ರಲ್ಲಿಯೂ, ಇಲ್ಲದಿದ್ದಲ್ಲಿ ನಮೂನೆ 16ರಲ್ಲಿಯೂ ಪ್ರಮಾಣಪತ್ರ ನೀಡಲಾಗುತ್ತದೆ. 01-04-2004ರ ನಂತರದ ವಿವರಗಳು ಕಾವೇರಿ ತಂತ್ರಾಂಶದಲ್ಲಿ ಲಭ್ಯವಿವೆ. ಅದಕ್ಕೂ ಹಿಂದಿನ ಅವಧಿಗೆ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಅನೇಕರು ಗಣಕೀಕೃತ ಪ್ರತಿಯೊಂದಕ್ಕೇ ತೃಪ್ತರಾಗುತ್ತಾರೆ. ಕನಿಷ್ಠ 30 ವರ್ಷಗಳ ಅವಧಿಗೆ ಪಡೆಯುವುದು ಕ್ಷೇಮಕರ.

ಈ ಪ್ರಮಾಣಪತ್ರಕ್ಕೂ ಮಿತಿಯಿದೆ. ನೋಂದಣಿಯಾಗದ ವಿಲ್ಲು, ಬಾಯಿಮಾತಿನ ಪಾಲುಪಾರಿಕತ್ತು, ನ್ಯಾಯಾಲಯದಲ್ಲಿ ಬಾಕಿಯಿರುವ ದಾವೆ ಇವು ಇದರಲ್ಲಿ ಕಾಣಿಸದಿರಬಹುದು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವೂ ತಪ್ಪಿಹೋಗಬಹುದು. ಆದಕಾರಣ ಮೂಲ ದಸ್ತಾವೇಜುಗಳನ್ನೇ ತೋರಿಸುವಂತೆ ಕೇಳಬೇಕು. ಜೆರಾಕ್ಸ್ ಪ್ರತಿಗಳನ್ನಷ್ಟೇ ಕೊಟ್ಟು "ಮೂಲ ಪತ್ರ ಊರಿನಲ್ಲಿದೆ" ಎನ್ನುವವರಿಗೆ ಪತ್ರ ಕಣ್ಣಿಗೆ ಬೀಳುವ ತನಕ ಒಂದು ರೂಪಾಯಿಯನ್ನೂ ಕೊಡಬಾರದು.

ಮಾರುವವರ ಕುಟುಂಬ

ಪಿತ್ರಾರ್ಜಿತ ಸ್ವತ್ತಾದಲ್ಲಿ ವಂಶವೃಕ್ಷವನ್ನು ಪಡೆದು, ಅದರಲ್ಲಿರುವ ಹೆಣ್ಣುಮಕ್ಕಳ ಹೆಸರುಗಳನ್ನು ವಿಶೇಷವಾಗಿ ಗಮನಿಸಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕಿದೆ. 2005ರಲ್ಲಿ ತಂದೆ ಜೀವಂತವಾಗಿರಬೇಕಾದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಮಾನಿಸಿದೆ. 20-12-2004ಕ್ಕೂ ಮುಂಚೆ ಕ್ರಮಬದ್ಧವಾಗಿ ಆಗಿರುವ ವಿಭಾಗ ಮತ್ತು ವಿಲೇವಾರಿಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. "ಅಕ್ಕತಂಗಿಯರನ್ನು ಮದುವೆ ಮಾಡಿ ಕಳುಹಿಸಿದ್ದೇವೆ, ಅವರೇನೂ ಕೇಳುವುದಿಲ್ಲ" ಎಂಬ ಭರವಸೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅವರು ಕ್ರಯಪತ್ರಕ್ಕೆ ಸಹಿ ಮಾಡಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು.

ಮಂಜೂರಾದ ಜಮೀನು

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆಯು ನಿಷೇಧಿಸಿದೆ. ಇಂತಹ ಪರಭಾರೆ ಅನೂರ್ಜಿತವಾಗಿದ್ದು, ಜಮೀನನ್ನು ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗಿಸಲಾಗುತ್ತದೆ. 2023ರ ತಿದ್ದುಪಡಿಯ ಪ್ರಕಾರ ಇದಕ್ಕಾಗಿ ಅರ್ಜಿ ಸಲ್ಲಿಸಲು ಕಾಲಮಿತಿಯೂ ಇಲ್ಲ. ಜಮೀನು ನಾಲ್ಕಾರು ಕೈ ಬದಲಾಗಿ, ಬಡಾವಣೆಯಾಗಿ, ಈಗ ನಿವೇಶನದ ರೂಪದಲ್ಲಿ ನಿಮ್ಮ ಮುಂದಿದ್ದರೂ ದೋಷ ಅಳಿದಿರುವುದಿಲ್ಲ. ಆದ್ದರಿಂದ ಇತ್ತೀಚಿನ ಪಹಣಿಯನ್ನಷ್ಟೇ ಅಲ್ಲದೆ ಹಳೆಯ ಕೈಬರಹದ ಪಹಣಿ, ಹಕ್ಕು ಬದಲಾವಣೆ ವಹಿ ಹಾಗೂ ಸಾಗುವಳಿ ಚೀಟಿಯವರೆಗೆ ಹಿಂದಕ್ಕೆ ಹೋಗಿ ನೋಡಬೇಕು. ಪಹಣಿಯ 11ನೇ ಕಾಲಂನಲ್ಲಿ ಸಾಲ ಮತ್ತಿತರ ಹಕ್ಕುಗಳ ನಮೂದಿರುತ್ತದೆ. "ಬಿ ಖರಾಬು" ಎಂದು ನಮೂದಾದ ವಿಸ್ತೀರ್ಣ ಸಾರ್ವಜನಿಕ ಉದ್ದೇಶಕ್ಕೆ ಸೇರಿದ್ದು, ಅದನ್ನು ಕೊಳ್ಳಲು ಬರುವುದಿಲ್ಲ.

ಬಡಾವಣೆಯ ನಿವೇಶನವಾದಲ್ಲಿ, ಭೂ ಪರಿವರ್ತನೆಯ ಆದೇಶವೇ ಬೇರೆ, ಯೋಜನಾ ಪ್ರಾಧಿಕಾರದ ವಿನ್ಯಾಸ ಅನುಮೋದನೆಯೇ ಬೇರೆ ಎಂಬುದು ತಿಳಿದಿರಲಿ, ಎರಡೂ ಇರಬೇಕು. 500 ಚದರ ಮೀಟರಿಗೂ ಹೆಚ್ಚಿನ ಬಡಾವಣೆ ರೇರಾದಲ್ಲಿ ನೋಂದಣಿಯಾಗಿರಬೇಕು. ನೋಂದಾಯಿತ ಕರಾರು ಇಲ್ಲದೆ ಪ್ರವರ್ತಕರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

ವೆಚ್ಚದ ಅಂದಾಜು

ಮುದ್ರಾಂಕ ಶುಲ್ಕವನ್ನು ಕ್ರಯದ ಮೊಬಲಗು ಮತ್ತು ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಹೆಚ್ಚಿರುವುದರ ಮೇಲೆ ಲೆಕ್ಕ ಹಾಕಲಾಗುತ್ತದೆ. ನಗರ ಪ್ರದೇಶದ 60 ಲಕ್ಷ ರೂ. ಬೆಲೆಯ ನಿವೇಶನಕ್ಕೆ ಶೇ. 5ರಂತೆ ಮುದ್ರಾಂಕ ಶುಲ್ಕ 3,00,000 ರೂ.; ಆ ಶುಲ್ಕದ ಮೇಲೆ ಶೇ. 10 ಉಪಕರ 30,000 ರೂ. ಮತ್ತು ಶೇ. 2 ಅಧಿಭಾರ 6,000 ರೂ.; 31-08-2025ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಕೆಯಾಗಿರುವ ನೋಂದಣಿ ಶುಲ್ಕ 1,20,000 ರೂ. ಒಟ್ಟು 4,56,000 ರೂ. ಲಾಭಕ್ಕಾಗಿ ಮರುಮಾರಾಟ ಮಾಡುವ ಉದ್ದೇಶವಿರುವವರು ಗಮನಿಸಬೇಕು: ಬೆಲೆ ಶೇ. 7.6ರಷ್ಟು ಏರಿದರೆ ಹಾಕಿದ ಹಣವಷ್ಟೇ ಕೈಸೇರುತ್ತದೆ. ಬೆಲೆ 50 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಖರೀದಿದಾರರು ಶೇ. 1ರಷ್ಟನ್ನು ಮಾರಾಟಗಾರರ ಹಣದಲ್ಲಿ ಕಡಿತಗೊಳಿಸಿ ಆದಾಯ ತೆರಿಗೆಯಾಗಿ ಜಮಾ ಮಾಡಬೇಕಾಗುತ್ತದೆ. ಶುಲ್ಕ ಉಳಿಸಲು ಬೆಲೆಯನ್ನು ಕಡಿಮೆ ತೋರಿಸುವುದು ಅಪರಾಧ. ಮುಂದೆ ವ್ಯಾಜ್ಯವಾದಾಗ ಪತ್ರದಲ್ಲಿಲ್ಲದ ಹಣವನ್ನು ಕೊಟ್ಟೆವೆಂದು ಸಾಧಿಸುವುದೂ ಸುಲಭವಲ್ಲ.

ಸ್ಥಳ ಪರಿಶೀಲನೆ ಮತ್ತು ನೋಂದಣಿ

ಜಮೀನಾದಲ್ಲಿ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ, ಪತ್ರದ ಚೆಕ್ಕುಬಂದಿ ಸ್ಥಳದಲ್ಲಿ ತಾಳೆಯಾಗುವುದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಒಂದು ಗುಂಟೆ 1,089 ಚದರ ಅಡಿ. ಅಳತೆಯಲ್ಲಿ ಎರಡು ಗುಂಟೆ ಕಡಿಮೆ ಬಂದರೆ ಹೆಚ್ಚುಕಡಿಮೆ ಎರಡು 30x40 ನಿವೇಶನಗಳಷ್ಟು ಜಾಗ ಇಲ್ಲವಾಯಿತೆಂದೇ ಅರ್ಥ. ಅಕ್ಕಪಕ್ಕದವರನ್ನು ವಿಚಾರಿಸುವುದಕ್ಕೆ ಯಾವ ಶುಲ್ಕವೂ ಇಲ್ಲ; ದಾಖಲೆಗಳಲ್ಲಿ ಸಿಗದ ತಕರಾರು ಅಲ್ಲಿ ತಿಳಿಯುವುದುಂಟು.

ಬರೆದುಕೊಟ್ಟ ದಿನಾಂಕದಿಂದ ನಾಲ್ಕು ತಿಂಗಳೊಳಗೆ ಕ್ರಯಪತ್ರವನ್ನು ನೋಂದಣಿಗೆ ಹಾಜರುಪಡಿಸತಕ್ಕದ್ದು. ನೋಂದಣಿಯ ನಂತರ ಮೂಲ ಪತ್ರವನ್ನು ಪಡೆದು, ಪಹಣಿ ಅಥವಾ ಖಾತೆಯು ಖರೀದಿದಾರರ ಹೆಸರಿಗೆ ಬದಲಾಗಿರುವುದನ್ನು ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.