ಕೆಗೆಲ್ ವ್ಯಾಯಾಮ: ಏನು, ಹೇಗೆ, ಯಾರಿಗಾಗಿ?

ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತೆ ಅಂದರೆ ‘ಹೆರಿಗೆ ಆದಮೇಲೆ ಇದೆಲ್ಲ ಇದ್ದದ್ದೇ’ ಅಂತ ಸುಮ್ಮನಾಗಿಸುತ್ತಾರೆ. ಇದು ಹಣೆಬರಹ ಅಲ್ಲ, ಸ್ನಾಯುವಿನ ವಿಷಯ. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಕೆಳಗಿನಿಂದ ಆಸರೆಯಾಗಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಬಸಿರು, ಹೆರಿಗೆ, ವಯಸ್ಸಿನಿಂದ ಸಡಿಲವಾಗಬಹುದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದಕ್ಕೆ ವ್ಯಾಯಾಮ ಸೂಚಿಸಿದರು.

ಹೂಸು ತಡೆಯುವಂತೆ ಸ್ನಾಯುವನ್ನು ಒಳಕ್ಕೆ, ಮೇಲಕ್ಕೆ ಎಳೆಯಿರಿ; 5 ಸೆಕೆಂಡ್ ಹಿಡಿದು ಪೂರ್ತಿ ಸಡಿಲಿಸಿ. ಸಲಕ್ಕೆ 10ರಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಉಸಿರು ಬಿಗಿಹಿಡಿಯಬೇಡಿ; ಮೂತ್ರ ಮಾಡುವಾಗ ಅಭ್ಯಾಸ ಬೇಡ.

ಲೈಂಗಿಕ ಸುಖವೂ ಹೆಚ್ಚಬಹುದು. ‘ಗಂಡನಿಗಾಗಿ ಬಿಗಿ’ ಅನ್ನೋ ಜಾಹೀರಾತಿನ ಮಾತು ಬಿಡಿ, ಇದು ಹೆಣ್ಣಿನ ಸ್ವಂತ ಸುಖ. ಸಂಭೋಗದಲ್ಲಿ ನೋವಿದ್ದರೆ ಸ್ನಾಯು ಆಗಲೇ ಬಿಗಿದಿರಬಹುದು. ಮೊದಲು ವೈದ್ಯರನ್ನು ಕಾಣಿ.