ದಿನಗೂಲಿ ಮತ್ತು ದಿನದ ಉದ್ದ: ಬಿಳಿಕೆರೆ ಸೀಮೆಯ ಹೊಗೆಸೊಪ್ಪಿನ ದುಡಿಮೆ

ಧನಿಕ ದೇಶದ ಕೂಲಿಯನ್ನು ಬಡ ದೇಶದ ಕೂಲಿಯೊಡನೆ ಹೋಲಿಸಿ ನೋಡುವುದು ಚರಿತ್ರಕಾರರಿಗೆ ಬಹುಕಾಲದಿಂದ ಪ್ರಿಯವಾದ ಕೆಲಸ. ಆದರೆ ಒಂದು ದೇಶದ ಗಿರಣಿಯನ್ನು ಇನ್ನೊಂದು ದೇಶದ ಹೊಲದೊಡನೆ ತೂಗಿದರೆ ಬರುವ ಉತ್ತರ ಬಹಳ ಮಟ್ಟಿಗೆ ವ್ಯರ್ಥ. ಆದಕಾರಣ ನಾವು ಎರಡು ದೇಶಗಳಲ್ಲಿಯೂ ಹೆಚ್ಚು ಕಡಮೆ ಒಂದೇ ರೀತಿಯಲ್ಲಿ ಬೆಳೆದು, ಒಂದೇ ರೀತಿಯಲ್ಲಿ ಹದಗೊಳ್ಳುವ ಪದಾರ್ಥವೊಂದನ್ನು ಆರಿಸಿಕೊಂಡಿದ್ದೇವೆ. ಅದು ವರ್ಜೀನಿಯಾ ಹೊಗೆಸೊಪ್ಪು. ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಬಿಳಿಕೆರೆಯ ಸುತ್ತಣ ಹಳ್ಳಿಗಳಲ್ಲಿಯೂ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳಲ್ಲಿಯೂ ಇದು ಮಳೆಯಾಧಾರದ ಬೆಳೆ. ಅಮೆರಿಕದ ಉತ್ತರ ಕೆರೊಲೈನಾದಲ್ಲಿ ಇದು ತವರು ಬೆಳೆ.

ಮೊದಲು ಅಳತೆಗೋಲಿನ ವಿಚಾರ. 1800ರಲ್ಲಿ ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಆಳುಗಳ ಸಂಬಳವನ್ನು ಹಣದಲ್ಲಿಯೂ ಧಾನ್ಯದಲ್ಲಿಯೂ ಬರೆದಿಟ್ಟಿದ್ದಾನೆ. ಈ ಎರಡು ಲೆಕ್ಕಗಳೂ ಒಂದೇ ಉತ್ತರವನ್ನು ಕೊಡುವುದಿಲ್ಲ. ಬ್ರಾಡ್‌ಬೆರಿ ಮತ್ತು ಗುಪ್ತ ಎಂಬ ವಿದ್ವಾಂಸರು 2006ರಲ್ಲಿ ತೋರಿಸಿದಂತೆ, ಹದಿನಾರನೆಯ ಶತಮಾನದ ಕೊನೆಯಲ್ಲಿ ಭಾರತದ ಸಾಮಾನ್ಯ ಕೂಲಿಯು ಬೆಳ್ಳಿಯ ಲೆಕ್ಕದಲ್ಲಿ ಇಂಗ್ಲೆಂಡಿನದರ ಸುಮಾರು ಐದನೆಯ ಒಂದು ಪಾಲು. ಧಾನ್ಯದ ಲೆಕ್ಕದಲ್ಲಿಯಾದರೋ ಸುಮಾರು ಐದರಲ್ಲಿ ನಾಲ್ಕು ಪಾಲು. ಹದಿನೆಂಟನೆಯ ಶತಮಾನದ ದಕ್ಷಿಣ ಭಾರತದ ನೇಕಾರನು ಇಂಗ್ಲೆಂಡಿನ ನೇಕಾರನಿಗೆ ಸರಿಸಮನಾಗಿ ಉಣ್ಣುತ್ತಿದ್ದನೆಂದು ಪ್ರಸನ್ನನ್ ಪಾರ್ಥಸಾರಥಿಯವರು 1998ರಲ್ಲಿ ವಾದಿಸಿದರು. ಈ ವಾದಗಳ ಸತ್ಯಾಸತ್ಯತೆಯನ್ನು ಇಲ್ಲಿ ಕೆದಕುವುದಿಲ್ಲ. ನಮ್ಮ ಸಂಶಯ ಬೇರೆ. ಈ ಬಗೆಯ ಲೆಕ್ಕಗಳು ಹೆಚ್ಚಾಗಿ ‘ದಿನ’ ಎಂಬ ಮಾನದ ಮೇಲೆ ನಿಂತಿವೆ. ದಿನವೆಂದರೆ ಎಷ್ಟು ಹೊತ್ತು ಎಂಬ ಪ್ರಶ್ನೆ ಅಲ್ಲಿ ಹಿಂದೆ ಸರಿಯುತ್ತದೆ.

ಕೈಗಾರಿಕೆಯಲ್ಲಿ ಈ ಪ್ರಶ್ನೆಯನ್ನು ಬಹಿರಂಗವಾಗಿಯೇ ಕೇಳಲಾಯಿತು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದ ಮೊದಲನೆಯ ಒಡಂಬಡಿಕೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ವಿಧಿಸಿತು. ಅದೇ ಒಡಂಬಡಿಕೆಯ ಹತ್ತನೆಯ ವಿಧಿಯು ಬ್ರಿಟಿಷ್ ಇಂಡಿಯಾಕ್ಕೆ ವಾರಕ್ಕೆ 60 ಗಂಟೆಯೆಂದು ಬೇರೆ ಗೆರೆಯನ್ನೆಳೆಯಿತು. ಬಡ ದೇಶದ ದಿನವು ಉದ್ದವಾಗಿರತಕ್ಕದ್ದೆಂದು ಶಾಸನವೇ ಒಪ್ಪಿದಂತಾಯಿತು! ಭಾರತದ ಕಾರ್ಖಾನೆಗಳಿಗೆ 48 ಗಂಟೆಯ ವಾರ ದೊರೆತದ್ದು 1946ರ ತಿದ್ದುಪಡಿಯಿಂದ. 1948ರ ಕಾಯಿದೆ ಅದನ್ನು ಸ್ಥಿರಪಡಿಸಿತು. ಅಷ್ಟರಲ್ಲಿ ಅಮೆರಿಕವು 1938ರ ಕಾಯಿದೆಯ ಮೂಲಕ 1940ರ ಹೊತ್ತಿಗೆ 40 ಗಂಟೆಗೆ ಇಳಿದಿತ್ತು. ಆದರೆ ಆ ಕಾಯಿದೆ ಹೊಲದ ಕೆಲಸಗಾರರನ್ನು ಹೊರಗಿಟ್ಟಿತು. 1966ರಲ್ಲಿ ದೊಡ್ಡ ಹೊಲಗಳ ಕೂಲಿಗಾರರಿಗೆ ಕನಿಷ್ಠ ವೇತನ ದೊರೆಯಿತಾದರೂ ಹೆಚ್ಚುವರಿ ಹೊತ್ತಿಗೆ ಒಂದೂವರೆ ಪಟ್ಟು ಕೊಡಬೇಕೆಂಬ ನಿಯಮ ಅವರಿಗೆ ಅನ್ವಯಿಸಲಿಲ್ಲ.

ಹೀಗೆ ಹೊಲಕ್ಕೆ ಬಂದರೆ ಎರಡು ದೇಶಗಳೂ ಹತ್ತಿರವಾಗುತ್ತವೆ. ಸೊಪ್ಪು ಬೇಯಿಸುವ ಕೆಲಸವನ್ನು ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ಗಿಡದ ಬುಡದಿಂದ ಮೇಲಕ್ಕೆ, ಬಲಿತಂತೆ ಬಲಿತಂತೆ ಎಲೆಗಳನ್ನು ಹಲವು ಸಲ ಬಿಡಿಸುತ್ತಾರೆ. ಬಿಡಿಸಿದ ಎಲೆಗಳನ್ನು ಅಂದಂದೇ ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ಸಾಲಾಗಿ ತೂಗುಹಾಕಬೇಕು. ಆಮೇಲೆ ಐದಾರು ದಿನ ಹಗಲಿರುಳೂ ಒಲೆಯುರಿ ಆರಕೂಡದು: ಮೊದಲು ಮಂದ ಶಾಖದಲ್ಲಿ ಎಲೆ ಹಳದಿಯಾಗಬೇಕು, ಬಳಿಕ ಅಲಗು ಒಣಗಬೇಕು, ಕೊನೆಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಡುನರ ಒಣಗಬೇಕು. ಶಾಖ ತಪ್ಪಿದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ್ಜೆ ಇಳಿಯುತ್ತದೆ. ಆದುದರಿಂದ ಯಾರಾದರೊಬ್ಬರು ರಾತ್ರಿಯೆಲ್ಲ ಸೌದೆಯೊಡ್ಡುತ್ತ ಎಚ್ಚರವಾಗಿರಬೇಕು. ಒಂದು ಬ್ಯಾರನ್ ಇಳಿಸಿದೊಡನೆ ಮುಂದಿನ ಸೊಪ್ಪು ಸಿದ್ಧವಾಗಿರುತ್ತದೆ.

ಈ ಬಂಗಾರದ ಬಣ್ಣದ ಸೊಪ್ಪಿನ ಮೂಲವೇ ಇಂಥ ಒಂದು ರಾತ್ರಿಯೆಂಬ ಪ್ರತೀತಿ ಅಮೆರಿಕದಲ್ಲಿದೆ. 1839ರಲ್ಲಿ ಉತ್ತರ ಕೆರೊಲೈನಾದ ಕ್ಯಾಸ್ವೆಲ್ ಪ್ರಾಂತದಲ್ಲಿ ಸ್ಲೇಡ್ ಎಂಬ ಜಮೀನುದಾರನ ಗುಲಾಮನಾಗಿದ್ದ ಸ್ಟೀಫನ್ ಎಂಬಾತ ಬ್ಯಾರನ್ ಕಾಯುತ್ತ ನಿದ್ರೆಹೋದನಂತೆ. ಎಚ್ಚತ್ತಾಗ ಬೆಂಕಿ ನಂದುತ್ತಿದ್ದುದನ್ನು ಕಂಡು ಗಾಬರಿಯಿಂದ ಇದ್ದಿಲನ್ನು ತಂದು ಸುರಿದನಂತೆ. ಆ ಹಠಾತ್ ಶಾಖದಿಂದ ಎಲೆ ಹೊಂಬಣ್ಣಕ್ಕೆ ತಿರುಗಿತಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಆ ರಾತ್ರಿಗೆ ಕೂಲಿಯಿರಲಿಲ್ಲವೆಂಬುದು ಮಾತ್ರ ನಿಸ್ಸಂದೇಹ.

ನಮ್ಮ ಸೀಮೆಯಲ್ಲಿ ಹೊತ್ತಿಲ್ಲದ ದುಡಿಮೆಗೆ ಹಳೆಯ ಹೆಸರು ಜೀತ. ಜೀತದಾಳಿಗೆ ವರ್ಷದ ಲೆಕ್ಕವುಂಟು, ದಿನದ ಲೆಕ್ಕವಿಲ್ಲ. 1975ರ ಸುಗ್ರೀವಾಜ್ಞೆಯೂ 1976ರ ಕಾಯಿದೆಯೂ ಅದನ್ನು ರದ್ದುಪಡಿಸಿದಾಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು. ಹೊಗೆಸೊಪ್ಪಿನ ವ್ಯವಹಾರಕ್ಕೆ ಕಟ್ಟುಪಾಡು ಬಂದದ್ದೂ ಸರಿಸುಮಾರು ಆಗಲೇ: 1975ರಲ್ಲಿ ತಂಬಾಕು ಮಂಡಳಿಯ ಕಾಯಿದೆ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ. ಜೀತ ಹೋದ ಮೇಲೆ ದಿನಗೂಲಿಯೂ ಮುಯ್ಯಾಳಿನ ಪದ್ಧತಿಯೂ ಮನೆಯವರ ದುಡಿಮೆಯೂ ಈ ಬೆಳೆಯನ್ನು ಹೊತ್ತುವು.

ಈಗ ಅಂಕಿಗಳನ್ನು ನೋಡೋಣ. 2022ರಲ್ಲಿ ಹೊರದೇಶದಿಂದ, ಬಹುತೇಕ ಮೆಕ್ಸಿಕೋದಿಂದ, ಉತ್ತರ ಕೆರೊಲೈನಾದ ಹೊಲಗಳಿಗೆ ಬರುವ ತಾತ್ಕಾಲಿಕ ಕೆಲಸಗಾರರಿಗೆ ಸರ್ಕಾರ ಗೊತ್ತುಮಾಡಿದ್ದ ಕೂಲಿ ಗಂಟೆಗೆ 14 ಡಾಲರ್ 16 ಸೆಂಟು. 2022–23ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಯೋಜನೆಯ ಕೂಲಿ ದಿನಕ್ಕೆ 309 ರೂಪಾಯಿ. ಹೊಲದ ಕೂಲಿ ಊರಿಂದೂರಿಗೆ, ಹೆಣ್ಣಾಳಿಗೆ ಗಂಡಾಳಿಗೆ ಬೇರೆ ಬೇರೆಯಾಗಿರುವುದರಿಂದ ಸರ್ಕಾರವೇ ಘೋಷಿಸಿದ ಮೊತ್ತವನ್ನು ತೆಗೆದುಕೊಂಡಿದ್ದೇವೆ. ಎಂಟು ಗಂಟೆಯ ದಿನಕ್ಕೆ ಅಲ್ಲಿಯದು 113 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 8,800 ರೂಪಾಯಿ. ಅಂದರೆ ಇಪ್ಪತ್ತೆಂಟು ಪಟ್ಟಿಗೂ ಮೇಲು. ಒಂದು ಡಾಲರಿನಿಂದ ಅಲ್ಲಿ ಕೊಳ್ಳಬಹುದಾದದ್ದನ್ನು ಇಲ್ಲಿ ಇಪ್ಪತ್ತು ಇಪ್ಪತ್ತಮೂರು ರೂಪಾಯಿಗೆ ಕೊಳ್ಳಬಹುದೆಂಬ ಲೆಕ್ಕವನ್ನು ಹಿಡಿದರೆ ಅಂತರ ಏಳೆಂಟು ಪಟ್ಟಿಗೆ ಇಳಿಯುತ್ತದೆ. ಬೆಳ್ಳಿ ಮತ್ತು ಧಾನ್ಯಗಳ ಹಳೆಯ ವ್ಯತ್ಯಾಸವೇ ಇದು, ಹೊಸ ಉಡುಪಿನಲ್ಲಿ.

ಆದರೆ ಈ ಇಳಿತವನ್ನು ನಂಬಿ ಸಮಾಧಾನಪಡುವಂತಿಲ್ಲ. ಕೆರೊಲೈನಾದಲ್ಲಿ ಬ್ಯಾರನ್ನಿನ ರಾತ್ರಿಯನ್ನು ಬಹುಮಟ್ಟಿಗೆ ಯಂತ್ರವೇ ಕಾಯುತ್ತದೆ. ಶಾಖವನ್ನು ತಾನೇ ನಿಯಂತ್ರಿಸುವ ಉಕ್ಕಿನ ಬ್ಯಾರನ್ನುಗಳು ಅಲ್ಲಿ 1960ರ ದಶಕದಿಂದೀಚೆಗೆ ಹರಡಿದುವು. ಅಲ್ಲಿನ ಕೂಲಿಗಾರನ ದಿನ ಹತ್ತು ಗಂಟೆಗೆ ಲಂಬಿಸಬಹುದು, ಹನ್ನೆರಡಕ್ಕೂ ಲಂಬಿಸಬಹುದು. ಆದರೂ ಪ್ರತಿ ಗಂಟೆಯೂ ಪಟ್ಟಿಯಲ್ಲಿ ಬರೆಯಲ್ಪಡುತ್ತದೆ. ಇಲ್ಲಿ ಭಾಜ್ಯವಾದ 309 ನಮಗೆ ತಿಳಿದಿದೆ, ಭಾಜಕ ತಿಳಿದಿಲ್ಲ. 1948ರ ಕನಿಷ್ಠ ವೇತನ ಕಾಯಿದೆಯು ವ್ಯವಸಾಯವನ್ನೂ ಒಳಗೊಂಡು ದಿನದ ಅವಧಿಯನ್ನು ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು, ನಿಜ. ಆದರೆ ಅದು ಕೂಲಿಯಾಳಿನ ಮಾತು. ಮುಂಜಾನೆ ಸೊಪ್ಪು ಬಿಡಿಸಿ, ಸಂಜೆಯವರೆಗೆ ಕಡ್ಡಿಗೆ ಕಟ್ಟಿ, ಅಡುಗೆಯನ್ನೂ ಮುಗಿಸುವ ಮನೆಯೊಡತಿಗೂ, ಒಲೆಯ ಮುಂದೆ ಆರನೆಯ ರಾತ್ರಿ ಕುಳಿತಿರುವ ರೈತನಿಗೂ ಯಾವ ಕಾಯಿದೆಯ ಗಂಟೆಯೂ ಬಾರಿಸುವುದಿಲ್ಲ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಅವರ ಬೇಲಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಕೂಗುವಾಗ ಆ ರಾತ್ರಿಗಳೂ ತೂಕದಲ್ಲಿ ಸೇರಿಯೇ ಇರುತ್ತವೆ. ಬೇರೆಯಾಗಿ ಎಲ್ಲಿಯೂ ನಮೂದಾಗುವುದಿಲ್ಲ.